ಹಳದಿ ಗಂಟೆಯ ಬೂದಿ

ಚಕ್ರವರ್ತಿಯ ಪಂಚಾಂಗದ ಹನ್ನೊಂದನೆಯ ತಿಂಗಳು. ವರ್ಷದ ಅತಿ ದೀರ್ಘ ರಾತ್ರಿ.

ಆಸ್ಥಾನದ ಸಂಗೀತಶಾಲೆಯ ಮುಚ್ಚಿದ ಕೋಣೆಯಲ್ಲಿ ಹನ್ನೆರಡು ಸ್ವರಗಳ ಹನ್ನೆರಡು ಬಿದಿರ ಕೊಳವೆಗಳನ್ನು ನೆಲದಲ್ಲಿ ಹೂತು, ಬೂದಿ ತುಂಬಿ ಕಾದಿದ್ದೆವು. ಇಂದು ಭೂಮಿಯ ಉಸಿರು ಮೇಲೆದ್ದು, ‘ಹಳದಿ ಗಂಟೆ’ ಎಂಬ ಮೊದಲ ಸ್ವರದ ಕೊಳವೆಯಿಂದ ಬೂದಿ ಹಾರಬೇಕು. ಹಾರದಿದ್ದರೆ ಆಸ್ಥಾನದ ಶ್ರುತಿಯೇ ತಪ್ಪೆಂದು ಅರ್ಥ. ನಮ್ಮ ತಲೆ ಉಳಿಯುವುದಿಲ್ಲ.

ಹೊತ್ತು ಮೀರಿತು. ಬೂದಿ ಅಲುಗಲಿಲ್ಲ.

“ಬಗ್ಗಿ ಊದಿಬಿಡೋ ಪೆದ್ದ,” ಎಂದು ಗುರು ಗೊಂಗ್ಸುನ್ ಪಿಸುಗುಟ್ಟಿದರು. “ನಲವತ್ತು ವರ್ಷದಿಂದ ನಾನೇ ಊದ್ತಾ ಬಂದಿದೀನಿ. ಭೂಮಿಗೆಲ್ಲಿದೆಯೋ ಉಸಿರು?”

ಬಗ್ಗಿದೆ. ಬೂದಿ ಹಾರಿತು. ಗುರುಗಳ ಕೂಗು ಕೇಳಿ ಹೊರಗೆ ನಗಾರಿ ಬಾರಿಸಿದರು. ಗುರುಗಳು ಬೆನ್ನು ತಟ್ಟಿ, “ಚೆನ್ನಾಗಿ ಊದ್ದೆ ಕಣೋ,” ಎಂದರು.

ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಭಯದಿಂದ ನಾನು ಉಸಿರು ಬಿಗಿಹಿಡಿದಿದ್ದೆ. ಊದಿರಲೇ ಇಲ್ಲ.