ಮಾತು ಬಿಟ್ಟು ನಡೆದದ್ದು

ಅಕ್ಕಾ,

ನೀನು ತೀರಿಕೊಂಡ ಮೇಲೆ ನಿನಗೆ ಹೇಳುವಂಥದ್ದೇನೂ ನಡೆದಿರಲಿಲ್ಲ. ಇವತ್ತು ನಡೆಯಿತು.

ನಮ್ಮ ಆಸ್ಪತ್ರೆಯವರು ನನ್ನಂಥ ನರ್ಸುಗಳನ್ನೂ ಉಳಿದ ಕೆಲಸದವರನ್ನೂ ಊರಾಚೆಯ ಕಾಡಿಗೆ ಕರೆದುಕೊಂಡು ಹೋಗಿದ್ದರು. ದಣಿದವರಿಗೆ ಮೌನವಾಗಿ ನಡೆಯುವುದು ಒಳ್ಳೆಯದಂತೆ. "ಕೆರೆ ಮುಟ್ಟೋವರೆಗೂ ಯಾರೂ ತುಟಿ ಬಿಚ್ಚಬಾರ್ದು," ಎಂದಳು ದಾರಿ ತೋರಿಸಲು ಬಂದಾಕೆ. ಸ್ವಲ್ಪ ಹೊತ್ತಿಗೇ ಹಿಂದಿನವರು ಕಿಸಕ್ಕೆಂದು ನಕ್ಕರು, ಒಬ್ಬಳು ಕಚ್ಚುವ ಚಪ್ಪಲಿಗೆ ಶಾಪ ಹಾಕಿದಳು. ನನಗೆ ಮಾತ್ರ ಒಂದು ಚೂರೂ ಕಷ್ಟವಾಗಲಿಲ್ಲ. ಅಮ್ಮ ಹೋದಾಗ ಆಡಬಾರದ್ದು ಆಡಿ ಮಾತು ಬಿಟ್ಟವರು, ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ವರ್ಷಗಟ್ಟಲೆ ಉಂಡವರಲ್ಲವೇ ನಾವು.

ನನ್ನ ಮುಂದೆ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ನಡೆಯುತ್ತಿದ್ದಳು, ನಿನ್ನ ಹಾಗೆಯೇ ಎಡಗಾಲು ಎಳೆದುಕೊಂಡು. ರಾತ್ರಿ ಪಾಳಿ ಮುಗಿಸಿ ಬಂದವಳು ನಾನು. ಕಣ್ಣು ಎಳೆಯುತ್ತಿತ್ತು. ತಲೆ ತಗ್ಗಿಸಿ ಆ ಕಾಲನ್ನೇ ಹಿಂಬಾಲಿಸುತ್ತಿದ್ದೆ. ಪಕ್ಕದಲ್ಲೇನೋ ಚೀರಿದಂತಾಗಿ ತಲೆಯೆತ್ತಿದರೆ, ಒಣಮರದ ಪೊಟರೆಯಿಂದ ಮರಕುಟಿಗದ ಮರಿಯೊಂದು ಕೆದರಿದ ತಲೆ ಹೊರಗೆ ಹಾಕಿತ್ತು.

"ಅಕ್ಕಾ, ನೋಡೇ ಅಲ್ಲಿ!" ಎಂದುಬಿಟ್ಟೆ, ಕಾಡಿಗೆಲ್ಲ ಕೇಳುವ ಹಾಗೆ.

ಸಾಲು ನಿಂತಿತು. ದಾರಿ ತೋರಿಸುವಾಕೆ ತುಟಿಯ ಮೇಲೆ ಬೆರಳಿಟ್ಟಳು. ನಾಚಿಕೆಯಿಂದ ಹಿಡಿಯಷ್ಟಾದೆ. ಆ ಒಗೆಯುವ ಹೆಂಗಸು ಮಾತ್ರ ಹಿಂದಕ್ಕೆ ಬಂದು, ನನ್ನ ಮುಖವನ್ನೊಮ್ಮೆ ನೋಡಿ, ಭುಜಕ್ಕೆ ಭುಜ ತಾಗಿಸಿ ನಿಂತಳು.

"ಎಲ್ಲೇ?" ಎಂದು ಮೆಲ್ಲಗೆ ಕೇಳಿದಳು.

ಕೈ ಚಾಚಿ ತೋರಿಸಿದೆ.