ಎರಡು ಬಾಟಲಿಯ ಜಾಗ

೯ ಜನವರಿ ೧೯೮೨, ಸಾಗರ

ಜೇಡಗಳಿಗೆ ಜಿರಲೆ ಹಂಚಿದ್ದಾಯಿತು. ವರದಮೂಲದ್ದು ತಕ್ಷಣ ಹಿಡಿಯಿತು. ಹೊಸನಗರದ್ದು ತಿರುಗಿಯೂ ನೋಡಲಿಲ್ಲ — ಗಾಜಿನೊಳಗೆ ಸುತ್ತುವುದೇ ಕೆಲಸ. ರಿಪ್ಪನ್‌ಪೇಟೆಯದು ಈ ವಾರವೂ ಮುಟ್ಟಲಿಲ್ಲ. ಹೊಟ್ಟೆ ಕಪ್ಪಿಟ್ಟಿದೆ. ನನ್ನ ಮೂರು ಟರಾಂಟುಲಾಗಳಿಗೂ ಹೆಸರಿಟ್ಟಿಲ್ಲ. ಅವು ಸಿಕ್ಕ ಊರಿನ ಹೆಸರೇ ಸಾಕು. ಕ್ಲಾಸಿನ ಹುಡುಗಿಯರಿಗೆ ತೋರಿಸಲು ತಂದದ್ದು ಎನ್ನುತ್ತೇನೆ. ಆ ಪಾಠ ಮುಗಿದು ವರ್ಷವಾಯಿತು.

ಮನೆ ಓನರ್ ಜಲಜಮ್ಮ ಕಿಟಕಿಯಿಂದಲೇ ಶುರುಮಾಡಿದರು. "ಟೀಚರೇ, ಮಗಳು ಬಾಣಂತನಕ್ಕೆ ಬರ್ತಾಳೆ. ಅಂಗೈಯಗಲ ಜೇಡ ಇಟ್ಕೊಂಡು ಎಂತ ಬಾಣಂತನ ಮಾರಾಯ್ರೆ?"

ಚೌಕಾಸಿ. ಕೊನೆಗೆ ಎರಡು ಬಾಟಲಿಗೆ ಒಪ್ಪಿದರು. ಮಗಳು ಬರುವುದರೊಳಗೆ ಒಂದು ಹೊರಗೆ ಹೋಗಬೇಕು.

ನಮ್ಮ ಯಜಮಾನರು ಪೇಪರಿನ ಹಿಂದಿನಿಂದ: "ಹೊರಗೆ ಹೋಗೋದು ನಾನಾದ್ರೆ ಮೊದ್ಲೇ ಹೇಳ್ಬಿಡು."

೧೩ ಜನವರಿ

ರಿಪ್ಪನ್‌ಪೇಟೆಯದನ್ನೇ ಬಿಡುವುದು. ಹೇಗೂ ಉಳಿಯುವ ಲಕ್ಷಣವಿಲ್ಲ. ಹೊಸನಗರದ್ದು ಇರಲಿ — ಇಷ್ಟು ನಡೆಯಬೇಕಾದರೆ ಬದುಕುವ ಆಸೆ ಇರಬೇಕು... ಇದು ಆಯ್ಕೆಯೋ ಪಕ್ಷಪಾತವೋ? ನಾನೂ ಕೂತಲ್ಲಿ ಕೂರದವಳು, ನಿಂತೇ ಊಟ ಮಾಡುವವಳು.

೧೬ ಜನವರಿ, ಬೆಳಿಗ್ಗೆ

ರಿಪ್ಪನ್‌ಪೇಟೆಯದು ಅಂಗಾತ ಬಿದ್ದಿದೆ. ಕಾಲುಗಳು ಮೇಲಕ್ಕೆ. ಆಗೊಮ್ಮೆ ಈಗೊಮ್ಮೆ ಒಂದು ಅಲುಗುತ್ತದೆ.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಜಲಜಮ್ಮ ನೋಡಿದರು. ಸರಸರನೆ ಮನೆಗೆ ಹೋದರು. ತುಳಸಿ ನೀರು ಹಿಡಿದು ವಾಪಸ್.

"ಸಾಯೋ ಜೀವಕ್ಕೆ ನೀರು ಬಿಡ್ದೆ ಇರೋಕಾಗತ್ತಾ? ನೆಟ್ಟಗೆ ಮಾಡಿ ಮೊದ್ಲು."

ಚಮಚದ ಹಿಡಿಯಿಂದ ಮಗುಚಿ ಹಾಕಿದೆ. ಅವರು ಎರಡು ಹನಿ ಬಿಟ್ಟರು, ಕಣ್ಣು ಮುಚ್ಚಿಕೊಂಡು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ

ಬೆನ್ನಿನ ಚರ್ಮ ಸೀಳಿದೆ. ಒಳಗೆ ಬಿಳಿಯದೇನೋ ಮಿಸುಕುತ್ತಿದೆ. ಸಾಯುತ್ತಿರಲಿಲ್ಲ! ಹಾವಿನ ಹಾಗೆ ಪೊರೆ ಬಿಡುತ್ತಿತ್ತು. ಊಟ ಬಿಟ್ಟದ್ದೂ ಅದಕ್ಕೇ. ಲೈಬ್ರರಿ ಪುಸ್ತಕದಲ್ಲಿ ಸ್ಪಷ್ಟವಾಗಿದೆ — ಅಂಗಾತ ಮಲಗಿಯೇ ಪೊರೆ ಬಿಡುತ್ತದೆ, ಆಗ ಮುಟ್ಟಬಾರದು. ಪುಸ್ತಕ ತಂದು ತಿಂಗಳಾಯಿತು. ಚಿತ್ರ ಮಾತ್ರ ನೋಡಿದ್ದೆ.

ಈಗ ಮಾಡುವುದೇನೂ ಇಲ್ಲ. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ಓಡಾಟ. ಇವರು ಹೇಳಿದರು: "ಕೂತ್ಕೋ ಮಾರಾಯ್ತಿ, ಬಾಟ್ಲೀಲಿ ಇರೋದು ಅದಾ ನೀನಾ?"

೧೭ ಜನವರಿ

ರಿಪ್ಪನ್‌ಪೇಟೆಯವಳು ಪೊರೆಯಿಂದ ಹೊರಗೆ ಬಂದಿದ್ದಾಳೆ. ಎಡಗಡೆಯ ಎರಡು ಕಾಲು ಹಳೆ ಚರ್ಮದಲ್ಲೇ ಸಿಕ್ಕಿ ಕಿತ್ತುಹೋಗಿವೆ. ಬದುಕಿದ್ದಾಳೆ. ಮುಂದೆ ಪೊರೆ ಬಿಟ್ಟಾಗ ಕಾಲು ಮತ್ತೆ ಬರುತ್ತದಂತೆ.

ಇಂದು ಪುಸ್ತಕ ಪೂರ್ತಿ ಓದಿದೆ. ಬಲಿತ ಗಂಡು ಊಟ ಬಿಟ್ಟು ಹೆಣ್ಣನ್ನು ಹುಡುಕಿ ಅಲೆಯುತ್ತದೆ. ಕೆಲವು ತಿಂಗಳಲ್ಲಿ ಸಾಯುತ್ತದೆ. ಹೆಣ್ಣು ವರ್ಷಾನುಗಟ್ಟಲೆ ಬಿಲದಲ್ಲೇ. ಲೆನ್ಸ್ ಹಿಡಿದು ನೋಡಿದೆ. ಹೊಸನಗರದ್ದರ ಮುಂಗಾಲಿನಲ್ಲಿ, ಚಿತ್ರದ ಬಲಿತ ಗಂಡಿಗಿರುವಂತೆಯೇ, ಪುಟ್ಟ ಕೊಕ್ಕೆ.

ನಾನು ಬದುಕುವ ಆಸೆ ಎಂದುಕೊಂಡದ್ದು...

೨೪ ಜನವರಿ, ಹೊಸನಗರದ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ತೊಡೆಯ ಮೇಲೆ ತರಕಾರಿ ಚೀಲ, ಅದರಲ್ಲಿ ಬಾಟಲಿ. ನಡೆಯಬೇಕಾದದ್ದೇ ಆದರೆ ಅವನು ತನ್ನ ಊರಿನಲ್ಲೇ ನಡೆಯಲಿ.

ಹೊರಡುವಾಗ ಗೇಟಿನ ಹತ್ತಿರ ಜಲಜಮ್ಮ. ಮಗಳು ಆಗಷ್ಟೇ ಬಂದಿಳಿದಿದ್ದಳು, ಪಾದ ಊದಿಕೊಂಡು. ಜಲಜಮ್ಮ ಅವಳನ್ನು ಒಳಗೆ ಕಳಿಸಿ ನನ್ನ ಚೀಲದೊಳಗೆ ಇಣುಕಿದರು.

"ಆ ಕುಂಟೀನ ಕಳಿಸ್ತಾ ಇಲ್ಲ ಅಲ್ವಾ?"

"ಇಲ್ಲ. ಇದು ಬೇರೆ."

"ಹಾಗಾರೆ ಸರಿ. ನೀರು ಬಿಟ್ಟೋಳು ನಾನು, ನಾನೇ ಓಡ್ಸೋಕಾಗತ್ತಾ?" ಸ್ವಲ್ಪ ತಡೆದು, "ಎಂತ ತಿಂತಾಳೆ ಈಗ? ನಮ್ಮನೇಲೂ ಜಿರಲೆ ಇದ್ದಾವೆ. ಮಗಳಿಗೆ ಹೇಳ್ಬೇಡಿ."

ಚೀಲ ಅಲುಗುತ್ತಿದೆ. ಪಕ್ಕದ ಹೆಂಗಸು ಸರಿದು ಕೂತಳು. ಅವನು ಒಂದು ಕ್ಷಣವೂ ನಿಂತಿಲ್ಲ. ಬಸ್ ಸ್ಟ್ಯಾಂಡ್ ಬಂತು. ಊರಾಚೆ ಹೋಗಿ ಮುಚ್ಚಳ ತೆಗೆದ ಮೇಲೆ ನಾನು ಅಲ್ಲೇ ಸ್ವಲ್ಪ ಹೊತ್ತು ಕೂತು, ಅವನು ನಡೆದು ಹೋಗುವುದನ್ನು ನೋಡಬೇಕು.