ನನ್ನ ಕಾಲಿಗೆ ನಾನೇ ರೈಟ್ ಕೊಟ್ಟೆ

ಎರಡನೇ ಮಹಡಿ, ಹಿಂಬದಿಯ ಮನೆ
ಬುಧವಾರ, ತಾರೀಖು ಹನ್ನೊಂದು, ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಕಣ್ಣಿನ ಆಪರೇಷನ್ ಆದ ಮೇಲೆ ಕೊಟ್ಟ ಹನಿ ಔಷಧಿಯನ್ನು ದಿನಕ್ಕೆ ನಾಲ್ಕು ಸಲ ಸರಿಯಾಗಿ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ, ಒಂದು ಸಲ ತಪ್ಪಿದರೆ ಆಕಾಶ ಕಳಚಿ ಬೀಳುತ್ತದೆಯೇ ಎಂದು ಬಿಟ್ಟುಬಿಡುತ್ತೀಯಾ? ನನಗೆ ನಿನ್ನ ಬುದ್ಧಿ ಗೊತ್ತು. ಊರಿಗೆಲ್ಲ ಔಷಧಿ ಕುಡಿಸುವವಳು, ನಿನ್ನ ಸರದಿ ಬಂದಾಗ ಸೀಸೆಯನ್ನು ಕಪಾಟಿನ ಹಿಂದೆ ತಳ್ಳುವವಳು. ನನ್ನ ಹೋದ ಪತ್ರದಲ್ಲಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಅಕ್ಷರಗಳು ಇರುವೆಯಷ್ಟಾಗಿದ್ದವು, ನಿನ್ನ ಮಗ ಭೂತಗನ್ನಡಿ ಹಿಡಿದು ಓದಿ ಹೇಳಿದ ಎಂದು ನೀನು ಬರೆದಿದ್ದೆ. ಏನು ಮಾಡಲಿ, ಈ ಕಾಯಿಲೆಗೆ ಕೈ ನಡುಗಿಸಿದರೆ ಸಾಲದು, ಅಕ್ಷರವನ್ನೂ ಕುಗ್ಗಿಸಬೇಕು. ಅದಕ್ಕೇ ಈ ಸಲ ಗೆರೆ ಕಾಗದ ತರಿಸಿ, ಒಂದು ಗೆರೆ ಬಿಟ್ಟು ಒಂದರಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ದಪ್ಪದಪ್ಪಗೆ ಬರೆಯುತ್ತಿದ್ದೇನೆ. ನೀನೇ ಓದಿಕೋ. ಯಾರ ಕೈಲೂ ಓದಿಸಬೇಡ.

ನಿನ್ನ ಪತ್ರ ಬಂತು. ಇಪ್ಪತ್ತನೇ ತಾರೀಖು ಮಗ ಗಾಡಿ ತರುತ್ತಾನೆ, ಹಿಂದಿನ ಕೋಣೆಗೆ ಬಣ್ಣ ಹೊಡೆಸಿ ಮಂಚ ಹಾಕಿಸಿದ್ದಾಯಿತು, ಈ ಮನೆ ಖಾಲಿ ಮಾಡಿ ಬಂದುಬಿಡು, ಒಬ್ಬಳೇ ಇದ್ದು ಏನಾದರೂ ಆದರೆ ಯಾರು ಗತಿ ಎಂದೆಲ್ಲ ಬರೆದಿದ್ದೀಯ. ಅದಕ್ಕೆ ಉತ್ತರ ಕೊಡುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಮೊದಲು ಸುದ್ದಿ ಕೇಳು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಅಕ್ಕಾ, ಸೋಮವಾರ ನಾನು ಬಸ್ ಹತ್ತಿದೆ! ಒಬ್ಬಳೇ! ಕೊನೇ ಸ್ಟಾಪಿಗೆ ಹೋಗಿ ವಾಪಸ್ಸೂ ಬಂದೆ!

ಇರು, ಮೊದಲಿನಿಂದ ಹೇಳುತ್ತೇನೆ. ನಮ್ಮ ಯಜಮಾನರು ಹೋದ ಮೇಲೆ ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಒಬ್ಬಳೇ ಇದ್ದೇನೆ. ಪಾರ್ಕಿನ್ಸನ್ ಎಂಬ ಟಿಕೆಟ್ ಇಲ್ಲದ ಪ್ರಯಾಣಿಕ ಹತ್ತಿ ಏಳು ವರ್ಷವಾಯಿತು. ಇದೆಲ್ಲ ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಏನೆಂದರೆ, ನಾಲ್ಕು ತಿಂಗಳಿಂದ ನಾನು ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗೂ ಹೊರಗೆ ಹೋಗಿರಲಿಲ್ಲ. ನಡುಕಕ್ಕೆ ನಾನು ಹೆದರಿದವಳಲ್ಲ. ಹೆದರಿಸಿದ್ದು ಬಾಗಿಲು. ಕೋಣೆಯಲ್ಲಿ ಚೆನ್ನಾಗಿಯೇ ನಡೆದುಕೊಂಡು ಬರುತ್ತೇನೆ, ಬಾಗಿಲ ಹತ್ತಿರ ಬಂದ ಕೂಡಲೇ ಎರಡೂ ಕಾಲು ನೆಲಕ್ಕೆ ಅಂಟಿಬಿಡುತ್ತವೆ. ತಲೆ ಹೋಗು ಎನ್ನುತ್ತದೆ, ಕಾಲಿಗೆ ಕಿವಿಯೇ ಇಲ್ಲ. ಒಂದೊಂದು ಸಲ ಐದು ನಿಮಿಷ, ಒಂದೊಂದು ಸಲ ಇಪ್ಪತ್ತು. ತಮಾಷೆ ಎಂದರೆ ಮೆಟ್ಟಿಲು ಹತ್ತಿ ಇಳಿಯುವುದಕ್ಕೆ ಏನೂ ತೊಂದರೆಯಿಲ್ಲ! ಹೇಳಿದರೆ ಯಾರೂ ನಂಬುವುದಿಲ್ಲ. ಎದುರು ಮನೆಯ ಲೆಕ್ಕದ ಮೇಷ್ಟ್ರು, ರಿಟೈರಾದವರು, ಪಾಪ, ದಿನಾ ಹಾಲು ಬ್ರೆಡ್ಡು ತಂದುಕೊಡುತ್ತಾರಲ್ಲ, ಅವರೇ ಒಂದು ದಿನ, "ಅಲ್ಲಮ್ಮಾ, ಇಪ್ಪತ್ತೆಂಟು ಮೆಟ್ಟಿಲು ಇಳೀತೀರ, ಒಂದು ಹೊಸ್ತಿಲು ದಾಟೋಕಾಗಲ್ಲ ಅಂದ್ರೆ ಲೆಕ್ಕ ಹೊಂದ್ತಾ ಇಲ್ವಲ್ಲ" ಎಂದರು. ಹೊಂದುವುದಿಲ್ಲ ಮೇಷ್ಟ್ರೇ, ಇದು ಹೊಂದದ ಲೆಕ್ಕವೇ ಎಂದೆ.

ಹೋದ ಗುರುವಾರ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಕನ್ನಡಕ ತರಲು ಕೋಣೆಗೆ ಹೋದೆ. ವಾಪಸ್ ಬರುವಾಗ ಅಡುಗೆಮನೆಯ ಬಾಗಿಲಲ್ಲಿ ಕಾಲು ಕಚ್ಚಿಕೊಂಡಿತು. ಕಣ್ಣೆದುರಿಗೇ ಹಾಲು ಉಕ್ಕಿತು, ಉರಿ ಆರಿತು, ಗ್ಯಾಸ್ ಮಾತ್ರ ಬುಸ್ ಎಂದು ಬರುತ್ತಲೇ ಇತ್ತು. ಒಲೆಗೂ ನನಗೂ ಮಧ್ಯೆ ಎರಡೇ ಹೆಜ್ಜೆ ಅಕ್ಕಾ! ಕೈ ಚಾಚಿದರೆ ಗೇಣುದ್ದ ಸಾಲದು. ಕಿಟಕಿ ಮುಚ್ಚಿತ್ತು. ಕೂಗೋಣ ಎಂದರೆ ಈ ಕಾಯಿಲೆ ನನ್ನ ಗಂಟಲನ್ನೂ ತಿಂದಿದೆ, ಪಿಸುಮಾತಿಗಿಂತ ಜಾಸ್ತಿ ಬರುವುದಿಲ್ಲ. ಒಂದು ಎರಡು ಮೂರು ಎಂದು ಎಣಿಸಿದೆ. ದೇವರ ಹೆಸರು ಹೇಳಿದೆ. ಕಾಲಿಗೆ ಬಾಯಿಗೆ ಬಂದ ಹಾಗೆ ಬೈದೆ, ನೀನು ಕೇಳಿದ್ದರೆ ನನ್ನ ಬಾಯಿಗೆ ಸೋಪು ಹಾಕುತ್ತಿದ್ದೆ. ವಾಸನೆ ಮೂಗಿಗೆ ಅಡರಿತು. ಇಷ್ಟೇ ಏನು ನನ್ನ ಕಥೆ, ಹಾಲಿನ ಪಾತ್ರೆ ನೋಡುತ್ತಾ ನಿಂತು ಸಾಯುವುದೇ ಎಂದು ಎಲ್ಲಿಲ್ಲದ ಸಿಟ್ಟು ಬಂತು ನೋಡು. ಆ ಸಿಟ್ಟಿನಲ್ಲಿ ಹೊಟ್ಟೆಯ ಒಳಗಿಂದ, ಇಪ್ಪತ್ತಾರು ವರ್ಷ ಕಂಡಕ್ಟರಾಗಿ, ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗಿದ್ದು ತಾನಾಗಿಯೇ ಹೊರಗೆ ಬಂತು: "ರೈಟ್! ರೈಟ್!"

ಬಲಗಾಲು ಎದ್ದಿತು. ಹಿಂದೆಯೇ ಎಡಗಾಲು. ಗ್ಯಾಸ್ ಬಂದ್ ಮಾಡಿದೆ, ಕಿಟಕಿ ತೆಗೆದೆ, ಕಟ್ಟೆ ಹಿಡಿದುಕೊಂಡು ನಿಂತು ಮೊದಲು ಅತ್ತೆ, ಆಮೇಲೆ ನಕ್ಕೆ, ಆಮೇಲೆ ಕಟ್ಟೆ ಒರೆಸಿದೆ. ನನ್ನ ಕಿವಿಗೇ ನನ್ನ ದನಿ ಗುರುತು ಸಿಕ್ಕಿರಲಿಲ್ಲ, ಅಷ್ಟು ದೊಡ್ಡದಾಗಿ ಬಂದಿತ್ತು. ಸರಿ, ಇದು ಒಂದು ಸಲದ ಅದೃಷ್ಟವೋ, ನಿಜವೋ ನೋಡಬೇಕಲ್ಲ? ಮಧ್ಯಾಹ್ನದವರೆಗೂ ಅದೇ ಕೆಲಸ. ಕೋಣೆಯಿಂದ ಅಡುಗೆಮನೆಗೆ ರೈಟ್ ರೈಟ್, ಅಡುಗೆಮನೆಯಿಂದ ಬಚ್ಚಲಿಗೆ ರೈಟ್ ರೈಟ್, ಬಚ್ಚಲ ಮುಂದೆ ಹೋಲ್ಡಾನ್! ಹತ್ತರಲ್ಲಿ ಏಳು ಸಲ ಕಾಲು ಮಾತು ಕೇಳಿತು. ಮೇಷ್ಟ್ರು ಬಾಗಿಲು ಬಡಿದು, "ಏನಮ್ಮಾ, ಮನೆ ಒಳಗೆ ಬಸ್ ಬಿಟ್ಟಿದೀರಾ?" ಎಂದರು. ಹೌದು ಮೇಷ್ಟ್ರೇ, ಸೀಟು ಖಾಲಿಯಿದೆ ಬನ್ನಿ ಎಂದೆ.

ಶನಿವಾರ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಗೆ ಮಾಡಿ ತೋರಿಸಿದೆ. ಅವಳು ನಗು ತಡೆಯಲಾರದೆ ಬಾಗಿಲು ಹಾಕಿಕೊಂಡು ನಕ್ಕಳು, ಆಮೇಲೆ ಗಂಭೀರವಾಗಿ ವಿವರಿಸಿದಳು. ತಾನಾಗಿ ನಡೆಯುವ ದಾರಿ ಮೆದುಳಿನಲ್ಲಿ ಕಟ್ಟಿಹೋದಾಗ ತಾಳವೋ, ಗೆರೆಯೋ, ಕೂಗೋ ಬೇರೆ ದಾರಿಯಿಂದ ಕಾಲನ್ನು ಎಬ್ಬಿಸಬಹುದಂತೆ. ಕೆಲವರಿಗೆ ಚಪ್ಪಾಳೆ, ಕೆಲವರಿಗೆ ಹಾಡು. "ಆದ್ರೆ ಇದರಿಂದ ಕಾಯಿಲೆ ವಾಸಿ ಆಗಲ್ಲ ಆಂಟಿ, ಪ್ರತಿ ಸಲ ಕೆಲಸಾನೂ ಮಾಡಲ್ಲ. ತಿರುಗುವಾಗ ನಿಧಾನ, ಫೋನು ಕತ್ತಲ್ಲೇ ಇರಬೇಕು, ಒಲೆ ಮೇಲೆ ಏನಾದ್ರೂ ಇಟ್ಟು ಅಲ್ಲಾಡಬಾರದು" ಎಂದು ಆಣೆ ಮಾಡಿಸಿಕೊಂಡಳು. ಫೋನು ಈಗ ಕತ್ತಿನಲ್ಲೇ ತೂಗುತ್ತಿದೆ, ಹಸುವಿನ ಗಂಟೆಯ ಹಾಗೆ.

ಈಗ ಸೋಮವಾರದ ಕಥೆ. ರಸ್ತೆಯ ಆಚೆಯ ಔಷಧಿ ಅಂಗಡಿಯಿಂದ ನನ್ನ ಮಾತ್ರೆಯನ್ನು ನಾನೇ ತರುತ್ತೇನೆ ಎಂದು ಹೊರಟೆ. ಮನೆ ಬಾಗಿಲು, ರೈಟ್. ಮೆಟ್ಟಿಲು, ಸಲೀಸು. ಕೆಳಗಿನ ಕಬ್ಬಿಣದ ಗೇಟು ಎರಡು ಸಲ ಸತಾಯಿಸಿತು, ಮೂರನೇ ಕೂಗಿಗೆ ದಾಟಿದೆ. ರಸ್ತೆಯನ್ನು ಎಲ್ಲರ ಜೊತೆ ಸೇರಿ ದಾಟಿಬಿಟ್ಟೆ. ಅಂಗಡಿಯ ಗಾಜಿನ ಬಾಗಿಲ ಮುಂದೆ ನೋಡು, ಕಾಲು ಮತ್ತೆ ಹೂತುಕೊಂಡಿತು. ಹಿಂದೆ ಇಬ್ಬರು ಕಾಯುತ್ತಿದ್ದಾರೆ, ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ನಾಚಿಕೆಯನ್ನು ಕಟ್ಟಿಟ್ಟು, ಹೊಟ್ಟೆಯಿಂದ ಉಸಿರು ತೆಗೆದು, "ರೈಟ್! ರೈಟ್!" ಎಂದೆ. ನನ್ನ ಕಾಲು ಹೊರಡುವ ಮೊದಲು, ನನ್ನ ಬೆನ್ನ ಹಿಂದೆ ಸ್ಟಾಪಿನಲ್ಲಿ ನಿಂತಿದ್ದ ಬಸ್ಸು ಹೊರಟುಹೋಯಿತು!

ಸುಳ್ಳಲ್ಲ ಅಕ್ಕಾ! ಡ್ರೈವರ್ ರಸ್ತೆ ನೋಡಿಕೊಂಡು ಕೂತಿದ್ದವನು, ಕಿವಿಗೆ ರೈಟ್ ಬಿದ್ದಿದ್ದೇ ಗೇರ್ ಹಾಕಿದ್ದಾನೆ. ಅವನ ಕಂಡಕ್ಟರು ಪಕ್ಕದ ಅಂಗಡಿಯಲ್ಲಿ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದಳು, ನಲವತ್ತು ದಾಟಿದ ಗಟ್ಟಿಗಿತ್ತಿ. "ಏಯ್, ಹೋಲ್ಡಾನ್!" ಎನ್ನುತ್ತಾ ನೀರು ಚೆಲ್ಲಿಕೊಂಡು ಓಡಿದಳು. ಒಳಗಿನವರೆಲ್ಲ ಬೊಬ್ಬೆ ಹೊಡೆದು, ಬಸ್ಸು ಇಪ್ಪತ್ತು ಮಾರು ದೂರದಲ್ಲಿ ನಿಂತಿತು. ಅವಳು ವಾಪಸ್ ಬಂದು ಸೊಂಟಕ್ಕೆ ಕೈ ಕೊಟ್ಟು, "ಯಾರ್ರೀ ಅದು ನನ್ನ ಗಾಡಿಗೆ ರೈಟ್ ಕೊಟ್ಟಿದ್ದು?" ಎಂದಳು. ಇಡೀ ಸ್ಟಾಪು ನನ್ನ ಕಡೆ ಬೆರಳು ತೋರಿಸಿತು.

"ನಾನಮ್ಮಾ. ನಿನ್ನ ಗಾಡಿಗಲ್ಲ, ನನ್ನ ಕಾಲಿಗೆ" ಎಂದೆ. ಅವಳು ನನ್ನ ಕೈ ನೋಡಿದಳು, ಕಾಲು ನೋಡಿದಳು. ಬಾಯಲ್ಲಿದ್ದ ಬೈಗುಳ ನುಂಗಿಕೊಂಡಿದ್ದು ನನಗೆ ಕಾಣಿಸಿತು. "ಇಷ್ಟು ಚೆನ್ನಾಗಿ ರೈಟ್ ಹೇಳೋಕೆ ಎಲ್ಲಿ ಕಲಿತ್ರಿ?" ಎಂದು ಕೇಳಿದಳು. ಇಪ್ಪತ್ತಾರು ವರ್ಷ ಅದೇ ಅನ್ನ ತಿಂದಿದ್ದು, ಹಳೇ ಡಿಪೋ, ಹದಿನಾಲ್ಕನೇ ನಂಬರು ಎಂದೆ. "ಅಯ್ಯೋ ಮೇಡಂ, ಆ ರೂಟು ನಿಲ್ಲಿಸಿ ಎಷ್ಟೋ ವರ್ಷ ಆಯ್ತು" ಎಂದಳು. ಯಾರೋ ಪರಿಚಯದವರು ಹೋದ ಸುದ್ದಿ ಕೇಳಿದ ಹಾಗಾಯಿತು ನನಗೆ. ಆಮೇಲೆ ಅವಳು, "ಬನ್ನಿ, ಹತ್ತಿ. ಕೊನೇ ಸ್ಟಾಪ್ ತೋರಿಸ್ಕೊಂಡು ವಾಪಸ್ ಇಲ್ಲೇ ಇಳಿಸ್ತೀನಿ" ಎಂದು ತೋಳು ಕೊಟ್ಟಳು. ಬಸ್ಸಿಗೆ ಹತ್ತುವುದು ಮೆಟ್ಟಿಲಲ್ಲವೇ? ಕಾಲು ಚಕಾರವೆತ್ತಲಿಲ್ಲ! ಟಿಕೆಟ್ ಬೇಡ ಎಂದಳು, ನಾನು ಬಿಡಲಿಲ್ಲ; ಮಧ್ಯದಲ್ಲಿ ತಪಾಸಣೆಯವರು ಹತ್ತಿದರೆ ನಿನ್ನ ಗತಿಯೇನು ಎಂದು ಬೈದು ತೆಗೆದುಕೊಂಡೆ.

ಕಂಡಕ್ಟರ್ ಸೀಟಿನಲ್ಲಿ ಕೂತೆ ಅಕ್ಕಾ. ಸೀಟು ಈಗ ಮೆತ್ತಗಿದೆ. ಎಂಜಿನ್ ವಾಸನೆ ಮಾತ್ರ ಅದೇ, ತಿರುವಿನಲ್ಲಿ ಕಂಬಿ ಹಿಡಿದವರೆಲ್ಲ ಒಂದೇ ಕಡೆ ವಾಲುವುದೂ ಅದೇ. ಮೂರನೇ ಸ್ಟಾಪಿನಲ್ಲಿ ಜನ ನುಗ್ಗಿ ಬಾಗಿಲಲ್ಲೇ ಕಿಕ್ಕಿರಿದು ನಿಂತರು. ಅವಳು ಮುಂದೆ ಎಲ್ಲೋ ಚಿಲ್ಲರೆ ಕೊಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಮೈದಾನದ ಹಾಗೆ ಖಾಲಿ ಇದೆ!" ಎಂದೆ. ಹೋದರು! ಒಬ್ಬರೂ ಎದುರು ಮಾತಾಡದೆ ಹೋದರು! ನಾಲ್ಕು ತಿಂಗಳಿಂದ ಫೋನಿನಲ್ಲಿ ನೀನು "ಏನು, ಏನು, ಕೇಳಿಸ್ತಿಲ್ಲ" ಎನ್ನುತ್ತಿದ್ದೆಯಲ್ಲ, ಆ ಗಂಟಲು ಇದೇ ಎಂದರೆ ನಂಬುತ್ತೀಯಾ?

ಪೂರ್ತಿ ಸಿಹಿಯನ್ನೇ ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ. ಖುಷಿಯಲ್ಲಿ ಹನ್ನೆರಡು ಗಂಟೆಯ ಮಾತ್ರೆ ಮರೆತೆ. ಮಾತ್ರೆ ತರಲೆಂದೇ ಹೊರಟವಳು, ಅಂಗಡಿಯೊಳಗೆ ಕಾಲಿಡದೆ ಬಸ್ ಹತ್ತಿದ್ದೆನಲ್ಲ! ವಾಪಸ್ ಬರುವಷ್ಟರಲ್ಲಿ ಮೈ ಮರದ ಕೊರಡಾಯಿತು, ಯಾವ ಕೂಗಿಗೂ ಕಾಲು ಜಗ್ಗಲಿಲ್ಲ. ಅವಳೂ ಡ್ರೈವರೂ ಸೇರಿ ನನ್ನನ್ನು ಮೂಟೆಯ ಹಾಗೆ ಇಳಿಸಿ ಸ್ಟಾಪಿನ ಬೆಂಚಿನ ಮೇಲೆ ಕೂರಿಸಿದರು. ಅವಳು ಅಂಗಡಿಗೆ ಓಡಿ ಮಾತ್ರೆ ತಂದು, ತನ್ನ ಬಾಟಲಿಯ ನೀರು ಕುಡಿಸಿದಳು. ನನ್ನ ಕತ್ತಿನ ಫೋನಿನಿಂದಲೇ ಮೇಷ್ಟ್ರಿಗೆ ಹೇಳಿಸಿದೆ. ಅವರು ಮನೆಯ ಚಪ್ಪಲಿಯಲ್ಲೇ ಓಡಿ ಬಂದು ಪಕ್ಕದಲ್ಲಿ ಕೂತರು. ಮಾತ್ರೆ ಕೆಲಸ ಶುರುಮಾಡಲು ನಲವತ್ತು ನಿಮಿಷ ಬೇಕಾಯಿತು. ಹೋಗುವ ಬರುವವರೆಲ್ಲ ನೋಡಿದರು, ನೋಡಲಿ ಬಿಡು. ಈಗ ಬೈಯುತ್ತಾರೆ, ಇನ್ನು ಹೊರಗೆ ಕಾಲಿಡಬೇಡಿ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಆದರೆ ಮೇಷ್ಟ್ರು, "ಮುಂದಿನ ಸಲ ಎರಡು ಮಾತ್ರೆ ಜೇಬಲ್ಲಿ ಇಟ್ಕೊಂಡು ಹೊರಡಿ" ಎಂದರು, ಅಷ್ಟೇ. ಆ ಒಂದು ಮಾತಿಗೆ ನನಗೆ ಕಣ್ಣು ತುಂಬಿ ಬಂತು. ನಿನ್ನೆ ಮತ್ತೆ ಹೋದೆ. ಅಂಗಡಿಯ ತನಕ ಮಾತ್ರ, ಜೇಬಿನಲ್ಲಿ ಮಾತ್ರೆ ಇಟ್ಟುಕೊಂಡು.

ಕೈ ಸೋಲುತ್ತಿದೆ, ಸಾಲು ಮತ್ತೆ ಇಳಿಜಾರಾಗುತ್ತಿದೆ. ಮಗನಿಗೂ ಸೊಸೆಗೂ ನನ್ನ ಆಶೀರ್ವಾದ. ಮೊಮ್ಮಗಳ ಮುಂದಿನ ಹಲ್ಲು ಬಂತೇ? ಬಂದಿದ್ದರೆ ಅದಕ್ಕೂ ಒಂದು ಆಶೀರ್ವಾದ. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ಬಗ್ಗುವ ಉಸಾಬರಿ ನನಗೂ ಇಲ್ಲ, ಎಬ್ಬಿಸುವ ಉಸಾಬರಿ ನಿನಗೂ ಇಲ್ಲ.

ನಿನ್ನ ಬಾಯಿಬಡುಕಿ ತಂಗಿ

ಮರೆತಿದ್ದೆ ಎಂದು ಬರೆಯೋಣವೆಂದುಕೊಂಡೆ, ಆದರೆ ಮರೆತಿರಲಿಲ್ಲ. ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು. ನಾನು ಆ ಹಿಂದಿನ ಕೋಣೆಗೆ ಬರುವುದಿಲ್ಲ ಅಕ್ಕಾ. ಮುಂದೆ ಒಂದು ದಿನ ಬರಬೇಕಾಗಬಹುದು, ಆಗ ನಾನೇ ಕೇಳುತ್ತೇನೆ. ಈಗ ಅಲ್ಲ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎಂಟು ಗಂಟೆಗೆ ಎಲ್ಲರೂ ಬಾಗಿಲೆಳೆದುಕೊಂಡು ಹೋದರೆ ಸಂಜೆಯವರೆಗೆ ಗಡಿಯಾರದ ಸದ್ದೊಂದೇ ಎಂದು ಬರೆದಿದ್ದೀಯ. ಟಿವಿಯಲ್ಲಿ ವಾರ್ತೆ ಓದುವವಳಿಗೆ ಉತ್ತರ ಕೊಡುತ್ತೇನೆ ಎಂದು ತಮಾಷೆ ಮಾಡಿದ್ದೀಯ. "ನೀನು ಬಂದರೆ ನಿನಗೆ ಜೊತೆಯಾಗುತ್ತೆ" ಎಂದು ನಾಲ್ಕು ಕಡೆ ಇದೆ. ಮೂರನೇ ಸಲ ಓದುವಾಗ ಜೊತೆ ಬೇಕಾಗಿರುವುದು ಯಾರಿಗೆ ಎಂದು ಗೊತ್ತಾಯಿತು. ಹುಟ್ಟಿದಾರಭ್ಯ ನಿನಗೆ ಬೇಕು ಎಂದು ನೀನು ಏನನ್ನೂ ಕೇಳಿದವಳಲ್ಲ, ಇದನ್ನೂ ನನ್ನ ಕಾಯಿಲೆಯ ಮರೆಯಲ್ಲಿ ನಿಂತು ಕೇಳಿದ್ದೀಯ. ಅದಕ್ಕೇ ಈ ಪತ್ರವನ್ನು ನೀನೇ ಓದು ಎಂದದ್ದು. ಇಪ್ಪತ್ತನೇ ತಾರೀಖು ಗಾಡಿ ಬರಲಿ, ಬೇಡವೆನ್ನಬೇಡ, ಆದರೆ ಅದರಲ್ಲಿ ನೀನು ಕೂತು ಬಾ. ಒಂದು ತಿಂಗಳಿರು, ಮನಸ್ಸಾದರೆ ಎರಡು. ಮೆಟ್ಟಿಲ ತಿರುವುಗಳಲ್ಲಿ ಕುರ್ಚಿ ಹಾಕಿಸುವ ಜವಾಬ್ದಾರಿ ಮೇಷ್ಟ್ರದು, ಆಗಲೇ ಒಪ್ಪಿಕೊಂಡಿದ್ದಾರೆ. ಒಂದು ಗಂಟೆ ಹಿಡಿದರೂ ಹತ್ತಿಸುತ್ತೇವೆ. ಮಗನಿಗೆ ನೀನೇ ಹೇಳುತ್ತೀಯೋ, ನಾನು ಬರೆಯಲೋ?